ಒಳಚಿಲಕ

ಬೆಂಗಳೂರಿನ ಕುರುಬರಹಳ್ಳಿಯ ಆ ಮೂರಂತಸ್ತಿನ ಕಟ್ಟಡದ ಕೆಳಗಿನ ಮನೆಯಲ್ಲಿ ಬೀದಿ ಬಾಗಿಲೊಂದನ್ನು ಬಿಟ್ಟರೆ ಇನ್ಯಾವ ಬಾಗಿಲಿಗೂ ಒಳಗಡೆ ಚಿಲಕವಿರಲಿಲ್ಲ. ಹೊರಗಡೆ ಇತ್ತು, ದಪ್ಪದ್ದು. ಒಳಗಡೆ ಇಲ್ಲ. ಸ್ನಾನಕ್ಕೆ ಹೋಗುವವರು ಬಾಗಿಲ ಮೇಲೆ ಟವೆಲ್ ನೇತುಹಾಕಬೇಕು. ಟವೆಲ್ ಕಂಡರೆ ಯಾರೂ ನುಗ್ಗುವುದಿಲ್ಲ, ಯಜಮಾನನೊಬ್ಬನನ್ನು ಬಿಟ್ಟು. ಸೊಸೆ ಚೈತ್ರ ಮದುವೆಯಾಗಿ ಬಂದು ಮೂರು ವರ್ಷವಾಗಿತ್ತು. ಇವತ್ತಿಗೂ ಮಲಗುವ ಮುಂಚೆ ರೂಮಿನ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಒತ್ತಿ ಇಡುತ್ತಿದ್ದಳು.

ಯಜಮಾನ ಅಂದರೆ ಹನುಮಂತಯ್ಯ. ಊರವರ ಬಾಯಲ್ಲಿ ಹನುಮಂತಯ್ಯನವರು. ಅಣ್ಣತಮ್ಮಂದಿರು ಸೈಟಿಗೆ ಕಿತ್ತಾಡಿದರೆ ಪಂಚಾಯ್ತಿ ಮಾಡಲು ಇವನನ್ನೇ ಕರೆಯುತ್ತಾರೆ, ಇವನು ಬಿಳಿ ಪಂಚೆ ಉಟ್ಟು ಹೋಗಿ ಎಲ್ಲರಿಗೂ ಬುದ್ಧಿ ಹೇಳಿ ಬರುತ್ತಾನೆ. ಈ ಕಥೆಗೆ ಹನುಮಂತಯ್ಯ ಅಂದರೆ ಸಾಕು, ಆ 'ನವರು' ಅವನಿಗೆ ದಂಡ.

ಚಿಲಕಗಳು ಹೋದದ್ದು ಮೂವತ್ತಾರು ವರ್ಷದ ಹಿಂದೆ. ಆಗ ಅದೇ ಜಾಗದಲ್ಲಿ ಹೆಂಚಿನ ಮನೆ ಇತ್ತು. ಮುದ್ದೆಯಲ್ಲಿ ಗಂಟು ಸಿಕ್ಕಿತೆಂದು ಅವನು ತಟ್ಟೆ ಬಿಟ್ಟು ಎದ್ದು ಬಂದಾಗ, ಹತ್ತೊಂಬತ್ತು ವರ್ಷದ ಹೆಂಡತಿ ಚಿಕ್ಕಲಕ್ಷ್ಮಮ್ಮ ಅಡುಗೆಮನೆಗೆ ಓಡಿ ಚಿಲಕ ಹಾಕಿಕೊಂಡಳು. ಅವನು ಒನಕೆಯಿಂದ ಬಾಗಿಲು ಮುರಿದ. ಅದೇ ಒನಕೆಯಿಂದ ಅವಳ ಎಡಗೈ ಮುರಿದ. ಮಾರನೇ ದಿನ ಮನೆಯ ಒಳಚಿಲಕಗಳನ್ನೆಲ್ಲ ಕಿತ್ತು ಬಾವಿಗೆ ಎಸೆದ. ಹೊಸ ಮನೆ ಕಟ್ಟಿಸುವಾಗಲೂ ಬಡಗಿಗೆ ಅದೇ ಅಪ್ಪಣೆ: "ನನ್ ಮನೇಲಿ ನನ್ ಮುಖಕ್ಕೆ ಮುಚ್ಕೊಳ್ಳೋ ಬಾಗ್ಲು ಇರ್ಬಾರ್ದು." ಬಡಗಿ ನಕ್ಕು, ಹಾಗೇ ಮಾಡಿಕೊಟ್ಟ. ಚಿಕ್ಕಲಕ್ಷ್ಮಮ್ಮನ ಎಡಗೈ ಈಗಲೂ ಪೂರ್ತಿ ಮಡಚುವುದಿಲ್ಲ.

ಅವರೆಕಾಯಿ ಬರತೊಡಗಿದ್ದ ವಾರ. ಚೈತ್ರ ಸಂಜೆ ಕೆಲಸದಿಂದ ಬಂದವಳು ಬ್ಯಾಗೂ ಇಳಿಸದೆ ಅಡುಗೆಮನೆ ಕಟ್ಟೆಗೆ ಒರಗಿ ನಿಂತಳು.

"ಅತ್ತೆ, ನಮ್ಮ ಆಫೀಸ್ ಮುಚ್ತಿದ್ದಾರೆ."

ಚಿಕ್ಕಲಕ್ಷ್ಮಮ್ಮ ಮುದ್ದೆ ತಿರುವುತ್ತಿದ್ದ ಕೋಲು ನಿಲ್ಲಿಸಿದಳು. "ಅಯ್ಯೋ, ಕೆಲ್ಸ ಹೋಯ್ತಾ?"

"ಕೆಲಸ ಇದೆ. ಇನ್ಮೇಲೆ ಎಲ್ರೂ ಮನೆಯಿಂದ್ಲೇ ಮಾಡ್ಬೇಕಂತೆ. ಅದಕ್ಕೊಂದು ಲಿಸ್ಟ್ ಕೊಟ್ಟಿದ್ದಾರೆ."

ರಾಜಾಜಿನಗರದಲ್ಲಿ ಅವಳ ಕಚೇರಿ. ಆಸ್ಪತ್ರೆ ಬಿಲ್ಲುಗಳು ವಿಮೆಗೆ ಸರಿಹೊಂದುತ್ತವೋ ಇಲ್ಲವೋ ಎಂದು ನೋಡುವ ಕೆಲಸ. ಫೋನ್ ತೆಗೆದು ಓದಿದಳು. "ಪ್ರತ್ಯೇಕ ರೂಮು. ಗಟ್ಟಿ ಟೇಬಲ್ಲು, ಬೆನ್ನಿಗೆ ಆನಿಸೋ ಕುರ್ಚಿ. ಅರ್ಥಿಂಗ್ ಇರೋ ಪಾಯಿಂಟು. ಕೆಲಸದ ಹೊತ್ತಲ್ಲಿ ಬಾಗಿಲು ಒಳಗಿಂದ ಹಾಕಿರ್ಬೇಕು. ರೋಗಿಗಳ ಕಾಗದ ಅಲ್ವಾ, ಬೇರೆಯವರು ನೋಡೋ ಹಾಗಿಲ್ಲ. ಐದು ವಾರ ಆದ್ಮೇಲೆ ವಿಡಿಯೋದಲ್ಲಿ ಚೆಕ್ ಮಾಡ್ತಾರೆ. ಸರಿ ಇಲ್ದಿದ್ರೆ ಮನೆಗೆ ಕಳಿಸ್ತಾರೆ."

"ಮನೇಲೇ ಇರ್ತೀಯಲ್ಲೇ, ಇನ್ನೆಲ್ಲಿಗೆ ಕಳಿಸ್ತಾರೆ?"

ಚೈತ್ರ ನಕ್ಕಳು. ನಕ್ಕವಳು ತಟ್ಟನೆ ನಿಲ್ಲಿಸಿ, "ಕೆಲಸದಿಂದ ತೆಗೀತಾರೆ ಅತ್ತೆ. ತೆಗೆದ್ರೆ ಮಾವ ನನ್ನ ಇನ್ನೊಂದು ಕಡೆ ಸೇರಕ್ಕೆ ಬಿಡ್ತಾರಾ?" ಅಂದಳು.

ಬಿಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮದುವೆ ಮಾತುಕತೆಯ ದಿನವೇ ಹನುಮಂತಯ್ಯ ಖಡಾಖಂಡಿತವಾಗಿ ಹೇಳಿದ್ದ, ಇರುವ ಕೆಲಸ ಮಾಡಿಕೊಂಡಿರಲಿ, ಬಿಟ್ಟರೆ ಮತ್ತೆ ಬೇರೆ ಸೇರುವ ಮಾತಿಲ್ಲ ಎಂದು. ಈ ಹುಡುಗಿ ಬೆಳಗ್ಗೆ ತಲೆ ಬಾಚಿ ಗೇಟು ದಾಟುವುದನ್ನು ನೋಡುವುದೇ ಚಿಕ್ಕಲಕ್ಷ್ಮಮ್ಮನಿಗೊಂದು ಸುಖವಾಗಿತ್ತು. ಅವಳೂ ತನ್ನ ಹಾಗೆ ಈ ಒಲೆಯ ಮುಂದೆ ನಿಂತುಬಿಟ್ಟರೆ? ಆ ಒಂದು ವಿಷಯಕ್ಕೆ ಚಿಕ್ಕಲಕ್ಷ್ಮಮ್ಮ ಹೆದರಿದಷ್ಟು ಗಂಡನ ಏಟಿಗೂ ಹೆದರಿರಲಿಲ್ಲ.

"ಹಿಂದಿನ ಸಾಮಾನಿನ ರೂಮ್ ಇದೆಯಲ್ಲ, ನಾಳೆ ಖಾಲಿ ಮಾಡಾಣ," ಅಂದಳು.

ಹನುಮಂತಯ್ಯ ರೂಮು ಕೊಡಲು ತಕರಾರು ಮಾಡಲಿಲ್ಲ. 'ನಮ್ಮನೇಲೇ ಆಫೀಸ್ ಮಾಡ್ತಿದೀನಿ' ಎಂದು ಟೀ ಅಂಗಡಿಯಲ್ಲಿ ಹೇಳಿಕೊಳ್ಳಲು ಅವನಿಗೂ ಚೆನ್ನಾಗಿತ್ತು. ಅತ್ತೆ ಸೊಸೆ ಸೇರಿ ರಾಗಿ ಡ್ರಮ್ಮು, ಮದುವೆ ಪಾತ್ರೆ, ಮುರಿದ ತೊಟ್ಟಿಲು ಎಲ್ಲ ಮಹಡಿಗೆ ಸಾಗಿಸಿದರು. ಗೋಡೆಗೆ ಸುಣ್ಣ ಬಳಿದರು. ಚೈತ್ರಳ ಗಂಡ ದರ್ಶನ್ ವಿಜಯನಗರದಿಂದ ಟೇಬಲ್ ತಂದ.

ಎಲೆಕ್ಟ್ರೀಷಿಯನ್ ಮಡಿವಾಳಪ್ಪ ಬಂದು, ಒಂದು ಬಲ್ಬಿಗೆ ಎರಡು ವೈರು ಕಟ್ಟಿ ಪಾಯಿಂಟಿನ ಮೇಲಿನ ತೂತಿಗೊಂದು, ಕೆಳಗಿನದಕ್ಕೊಂದು ತೂರಿಸಿ ನೋಡಿದ. ಬಲ್ಬು ಹತ್ತಲಿಲ್ಲ.

"ಅಮ್ಮಾ, ಮೇಲಿನ ತೂತು ಬರೀ ಶೋಕಿಗೆ. ಇಡೀ ಮನೆಗೆ ಅರ್ಥೇ ಇಲ್ಲ. ಫ್ರಿಜ್ ಮುಟ್ಟಿದ್ರೆ ಜುಮ್ ಅನ್ನಲ್ವಾ ನಿಮಗೆ?"

"ಅನ್ನತ್ತಪ್ಪ. ಫ್ರಿಜ್ ಅಂದ್ರೆ ಹಂಗೇ ಅಂದ್ಕೊಂಡಿದ್ದೆ."

"ಇಪ್ಪತ್ತು ವರ್ಷದಿಂದ?"

"ಅಷ್ಟೇ ಇರ್ಬೇಕು," ಅಂದಳು ಚಿಕ್ಕಲಕ್ಷ್ಮಮ್ಮ. ಆ ಮನೆಯಲ್ಲಿ ಏಟು ಕೊಡುವ ವಸ್ತುಗಳ ಬಗ್ಗೆ ಯಾಕೆಂದು ಕೇಳುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿತ್ತು.

ಹನುಮಂತಯ್ಯ ಹಿಂದಿನಿಂದ ಬಂದದ್ದನ್ನು ಯಾರೂ ನೋಡಲಿಲ್ಲ. "ಯಾವನೋ ಅವ್ನು, ನಾನ್ ಕಟ್ಸಿದ್ ಮನೆಗೆ ಅರ್ಥಿಲ್ಲ ಅಂದೋನು?" ಎನ್ನುತ್ತ ಮಡಿವಾಳಪ್ಪನ ಕಪಾಳಕ್ಕೆ ಬಾರಿಸಿದ. ಐವತ್ತು ದಾಟಿದ ಮನುಷ್ಯ, ಏಣಿಯ ಮೇಲೆ ಬಿದ್ದ. ಏಣಿ ಜಾರಿ ಹೊಸ ಟೇಬಲ್ಲಿನ ಅಂಚು ಕಿತ್ತುಬಂತು.

ಚೈತ್ರ ಅಡ್ಡ ಬಂದಳು. "ಮಾವ, ಮೇಲಿನ ಬಾಡಿಗೆ ಮನೆಯವರಿಗೂ ಇದೇ ಲೈನು. ಯಾರಿಗಾದ್ರೂ ಶಾಕ್ ಹೊಡೆದ್ರೆ ಪೊಲೀಸ್ನೋರು ಮಡಿವಾಳಪ್ಪನ್ನ ಕರ್ಕೊಂಡ್ ಹೋಗಲ್ಲ, ನಿಮ್ಮನ್ನೇ."

ಪೊಲೀಸು ಎಂಬ ಮಾತಿಗೆ ಹನುಮಂತಯ್ಯನ ಕೈ ಇಳಿಯಿತು. ಗೇಟಿನ ಪಕ್ಕದಲ್ಲಿ ಗುಂಡಿ ತೆಗೆದರು. ತಾಮ್ರದ ಕಂಬಿ ಇಳಿಸಿ, ಇದ್ದಿಲು, ಉಪ್ಪು ತುಂಬಿದರು. ಮಡಿವಾಳಪ್ಪ ಕೆನ್ನೆ ಸವರಿಕೊಳ್ಳುತ್ತಲೇ ಕೆಲಸ ಮುಗಿಸಿದ. ಸಂಜೆ ಚಿಕ್ಕಲಕ್ಷ್ಮಮ್ಮ ಒದ್ದೆ ಕೈಯಲ್ಲೇ ಫ್ರಿಜ್ ಮುಟ್ಟಿದಳು, ತೆಗೆದಳು, ಮತ್ತೆ ಮುಟ್ಟಿದಳು. ಜುಮ್ ಎನ್ನಲಿಲ್ಲ. ಆ ಒಂದು ದಿನ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಸಾರಿಗೆ ಉಪ್ಪು ಹಾಕುವುದನ್ನೇ ಮರೆತು ಬೈಸಿಕೊಂಡಳು.

ಇನ್ನು ಉಳಿದದ್ದು ಚಿಲಕ. ಚೈತ್ರ ಕೇಳಿದ್ದಕ್ಕೆ ಮಡಿವಾಳಪ್ಪ ಎರಡು ಕೈಯನ್ನೂ ಮುಗಿದ. "ಅದೊಂದು ನನ್ನ ಕೈಲಿ ಮಾಡಿಸ್ಬೇಡಿ ತಾಯಿ, ಕೆನ್ನೆ ಇನ್ನೂ ಉರೀತಿದೆ. ಬೇಕಾದ್ರೆ ಬಾಗ್ಲಿಗೆ ಸ್ಕ್ರೂ ಹಾಕೋ ತೂತು ಕೊರೆದುಕೊಡ್ತೀನಿ. ಯಾಕೆ ಅಂತ ಕೇಳಿದ್ರೆ ವೈರಿಗೆ ಅಂತೀನಿ."

ತೂತು ಕೊರೆದು ಹೋದ. ಆವತ್ತು ರಾತ್ರಿಯೂಟಕ್ಕೆ ಎಲ್ಲರೂ ಕೂತಾಗ ಚೈತ್ರ ಗಂಡನ ಕಡೆ ನೋಡಿದಳು. ಕೇಳು ಎಂದು ಅವನಿಗೆ ಎರಡು ದಿನದಿಂದ ದುಂಬಾಲು ಬಿದ್ದಿದ್ದಳು.

ದರ್ಶನ್ ಗಂಟಲು ಸರಿಮಾಡಿಕೊಂಡ. "ಅಪ್ಪ, ಆ ರೂಮಿಗೊಂದು ಚಿಲಕ..."

"ಏನ್ ಅಂದೆ?"

"ಆಫೀಸ್ನೋರ ರೂಲ್ಸು. ಹಗಲು ಹೊತ್ತು ಮಾತ್ರ."

ಹನುಮಂತಯ್ಯ ಬಿಸಿ ಸಾರಿನ ತಟ್ಟೆ ಎತ್ತಿ ಬೀಸಿದ. ಹಿತಕಿದ ಬೇಳೆ ಗೋಡೆಗೆಲ್ಲ ಮೆತ್ತಿತು, ಅರ್ಧ ಚಿಕ್ಕಲಕ್ಷ್ಮಮ್ಮನ ಕುತ್ತಿಗೆಯ ಮೇಲೆ ಬಿತ್ತು. "ಹೆಂಡ್ತಿ ಹೇಳಿದ್ಲು ಅಂತ ಅಪ್ಪನ ಮುಖಕ್ಕೆ ಬಾಗ್ಲು ಹಾಕ್ತೀಯೇನೋ ನಾಯಿ? ಒಳಗೆ ಕೂತ್ಕೊಂಡು ಯಾವನ ಜೊತೆ ಮಾತಾಡ್ತಾಳೆ ಅಂತ ಗೊತ್ತಾಗ್ಬೇಡ್ವಾ ನಂಗೆ?"

ದರ್ಶನ್‌ಗೆ ಚಿಕ್ಕಂದಿನಿಂದ ಒಂದು ಅಭ್ಯಾಸ. ಅಪ್ಪನ ದನಿ ಏರಿದರೆ ಸಾಕು, ಚಪ್ಪಲಿ ಹುಡುಕುತ್ತಾನೆ. ಈಗಲೂ ಎದ್ದ, ಕೈ ತೊಳೆದ, ಬೈಕಿನ ಸದ್ದಾಯಿತು. ಅವನು ಕೆಟ್ಟವನಲ್ಲ. ಅವನು ಇದ್ದೂ ಇಲ್ಲದವನು, ಅಷ್ಟೇ. ಅತ್ತೆಯ ಕುತ್ತಿಗೆಗೆ ತಣ್ಣೀರು ಬಟ್ಟೆ ಒತ್ತುತ್ತಾ ಚೈತ್ರ, "ಇವನ್ನ ಹೆತ್ತಿದ್ದು ನೀವೇನಾ ಅತ್ತೆ?" ಅಂದಳು ಸಿಟ್ಟಿಗೆ.

"ನಾನೇ ಹೆತ್ತೆ, ನಾನೇ ಓಡಿಹೋಗು ಅಂತ ಕಲಿಸ್ದೆ," ಅಂದಳು ಚಿಕ್ಕಲಕ್ಷ್ಮಮ್ಮ. "ಏಟು ಬೀಳ್ದೇ ಇದ್ರೆ ಸಾಕು ಅನ್ನಿಸಿತ್ತು ಆಗ."

ನಾಲ್ಕನೇ ವಾರದಿಂದ ಚೈತ್ರ ಮನೆಯಲ್ಲೇ ಕೆಲಸ ಶುರು ಮಾಡಿದಳು. ಬಾಗಿಲಿಗೆ ಒಳಗಿಂದ ಕುರ್ಚಿ ಒತ್ತಿದ್ದಳು. ಅದೆಷ್ಟು ತಡೆದೀತು! ನಾಲ್ಕನೇ ದಿನ, ಮೇಲಧಿಕಾರಿಗಳ ಜೊತೆ ವಿಡಿಯೋ ಮೀಟಿಂಗ್ ನಡೆಯುವಾಗ, ಹನುಮಂತಯ್ಯ ಬರೀ ಟವೆಲ್ ಸುತ್ತಿಕೊಂಡು ನುಗ್ಗಿ "ಕಾಫಿ ಯಾರ್ ಮಾಡ್ತಾರೆ?" ಎಂದು ಕೂಗಿದ. ಹನ್ನೆರಡು ಜನ ಅವನ ಎದೆಗೂದಲು ನೋಡಿದರು. ಮೊದಲ ವಾರ್ನಿಂಗ್ ಬಂತು. ಮೂರು ಬಂದರೆ ಕೆಲಸ ಹೋಗುತ್ತದೆ.

ಎರಡನೆಯದು ಮುಂದಿನ ಸೋಮವಾರ. ಊಟಕ್ಕೆ ಕರೆದರೂ ಸೊಸೆ ತಿರುಗಿ ನೋಡಲಿಲ್ಲವೆಂದು ಹನುಮಂತಯ್ಯ ಅವಳ ಹೆಡ್‌ಫೋನ್ ಹಿಡಿದು ಜಗ್ಗಿದ. ವೈರು ಓಲೆಗೆ ಸಿಕ್ಕಿಕೊಂಡಿತ್ತು. ಅವನು ಇನ್ನೊಮ್ಮೆ ಜಗ್ಗಿದ. ಚಿಕ್ಕಲಕ್ಷ್ಮಮ್ಮ ಓಡಿಬಂದಾಗ ಚೈತ್ರ ಕಿವಿ ಮುಚ್ಚಿಕೊಂಡು ನಿಂತಿದ್ದಳು, ಬೆರಳ ಸಂದಿಯಿಂದ ರಕ್ತ ಇಳಿದು ಕೀಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವನು ಅದುವರೆಗೆ ಸೊಸೆಯ ಮೈ ಮುಟ್ಟಿರಲಿಲ್ಲ. ಅದೊಂದು ಮರ್ಯಾದೆಯಾದರೂ ಉಳಿದಿದೆ ಎಂದು ಚಿಕ್ಕಲಕ್ಷ್ಮಮ್ಮ ನಂಬಿದ್ದಳು.

ಡಾಕ್ಟರು ಕಿವಿಹಾಲೆಗೆ ಮೂರು ಹೊಲಿಗೆ ಹಾಕಿದರು. ವಾಪಸು ಬರುವಾಗ ಆಟೋದಲ್ಲಿ ಚೈತ್ರ ಅಂದಳು, "ನಾನು ಅಮ್ಮನ ಮನೆಗೆ ಹೋಗ್ಬಿಡ್ಲಾ ಅತ್ತೆ?"

"ಹೋಗು ಅನ್ನಕ್ಕೆ ನಂಗೆ ಬಾಯಿ ಬರಲ್ಲ. ಇರು ಅನ್ನಕ್ಕೆ ಮುಖ ಇಲ್ಲ."

"ಅಲ್ಲೂ ಎರಡೇ ರೂಮು. ಅಣ್ಣ ಅತ್ತಿಗೆ ಮಕ್ಕಳು. ಎಲ್ಲಿ ಕೂತು ಕೆಲಸ ಮಾಡ್ಲಿ?"

"ಶುಕ್ರವಾರ ಅಲ್ವಾ ಚೆಕ್ ಮಾಡೋದು? ಶುಕ್ರವಾರಕ್ಕೆ ಚಿಲಕ ಇರತ್ತೆ," ಅಂದಳು ಚಿಕ್ಕಲಕ್ಷ್ಮಮ್ಮ. ಅಂದಮೇಲೆ ಅವಳಿಗೇ ಗಾಬರಿಯಾಯಿತು.

ಗುರುವಾರ ಸೊಪ್ಪು ತರುವ ನೆಪದಲ್ಲಿ ಹೋಗಿ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತಳು. ಅಂಗಡಿಯವನು ನಾಲ್ಕಿಂಚಿನದು ತೋರಿಸಿದ. "ಇನ್ನೂ ದೊಡ್ಡದಿಲ್ವಾ?" "ಬಾತ್‌ರೂಮಿಗಾ ಆಂಟಿ?" "ಆಫೀಸಿಗೆ," ಅಂದಳು, ಬೀಗಿ. ಎಂಟಿಂಚಿನ ಚಿಲಕ ಕೊತ್ತಂಬರಿ ಸೊಪ್ಪಿನ ಅಡಿಯಲ್ಲಿ ಮನೆಗೆ ಬಂತು. ಶುಕ್ರವಾರ ಮಧ್ಯಾಹ್ನ ಉಂಡು, ಹನುಮಂತಯ್ಯ ಪಂಚೆ ಉಟ್ಟು ಚಂದ್ರಾ ಲೇಔಟ್‌ಗೆ ಒಂದು ಪಂಚಾಯ್ತಿಗೆ ಹೊರಟ. ಗೇಟಿನ ಸದ್ದಾದದ್ದೇ ತಡ, ಅವಳು ಸ್ಕ್ರೂಡ್ರೈವರ್ ಹಿಡಿದಳು. ಚೈತ್ರ ಚಿಲಕ ಒತ್ತಿ ಹಿಡಿದುಕೊಂಡಳು. ಎಡಗೈ ಮಡಚದ್ದರಿಂದ ಬಲಗೈಯೊಂದರಲ್ಲೇ ತಿರುಗಿಸಬೇಕು. ಎಂಟು ಸ್ಕ್ರೂ. ಅಂಗೈಯಲ್ಲಿ ಬೊಬ್ಬೆ ಎದ್ದಿತು.

"ಹಾಕ್ ನೋಡು," ಅಂದಳು ಹೊರಗೆ ಬಂದು.

ಒಳಗಿನಿಂದ ಟಕ್ ಎಂದಿತು. ಚಿಕ್ಕಲಕ್ಷ್ಮಮ್ಮ ಬಾಗಿಲು ನೂಕಿದಳು. ಭುಜ ಕೊಟ್ಟು ನೂಕಿದಳು. ಅಲುಗಲಿಲ್ಲ. ಅವಳು ಹಜಾರದಲ್ಲಿ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಕೂತಳು, ಹಿತಕುತ್ತಾ ಕಣ್ಣೀರು ಸುರಿಸಿದಳು.

ಮೂರು ಗಂಟೆಗೆ ಒಳಗಡೆ ವಿಡಿಯೋ ಶುರುವಾಯಿತು. ಮೂರೂ ಹತ್ತಕ್ಕೆ ಹನುಮಂತಯ್ಯ ಬಂದುಬಿಟ್ಟ. ಪಂಚಾಯ್ತಿಗೆ ಒಂದು ಕಡೆಯವರು ಬಂದೇ ಇರಲಿಲ್ಲವಂತೆ, ಮುಖ ಊದಿಕೊಂಡಿತ್ತು. ಸೊಸೆಯ ದನಿ ಕೇಳಿ, ಯಾವತ್ತಿನ ಹಾಗೆ ಅಂಗೈಯಿಂದ ಬಾಗಿಲು ತಳ್ಳಿದ. ಬಾಗಿಲು ಹೋಗಲಿಲ್ಲ. ಇನ್ನೊಮ್ಮೆ ತಳ್ಳಿದ. ಅವನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಯಾರೇ ಹಾಕಿದ್ದು?"

"ನಾನು," ಅಂದಳು ಚಿಕ್ಕಲಕ್ಷ್ಮಮ್ಮ.

"ಯಾವನ ಕೈಲಿ ಹಾಕಿಸ್ದೆ?"

"ಯಾವನೂ ಇಲ್ಲ. ನನ್ ಕೈಯಿಂದ್ಲೇ."

ಮೊದಲ ಒದೆತ ಬಿದ್ದದ್ದು ಅವರೆಕಾಳಿನ ಪಾತ್ರೆಗೆ, ಎರಡನೆಯದು ಅವಳ ಪಕ್ಕೆಗೆ. ತುರುಬು ಹಿಡಿದು ಎತ್ತಿ ಬಾಗಿಲಿಗೆ ಅಪ್ಪಳಿಸಿದ. ತುಟಿ ಒಡೆಯಿತು. ಇನ್ನೊಮ್ಮೆ ಅಪ್ಪಳಿಸಿದ. ಹಣೆ ಒಡೆಯಿತು. ಬಾಗಿಲಿನ ಆಚೆ ಯಾರೋ ಗಂಡಸು ಲ್ಯಾಪ್‌ಟಾಪಿನಲ್ಲಿ ಏನು ಸದ್ದದು ಎಂದು ಕೇಳಿದ.

"ಪಕ್ಕದ ಮನೆ ಒಡೀತಿದ್ದಾರೆ ಸಾರ್," ಅಂದಳು ಚೈತ್ರ. ಬೆಂಗಳೂರಿನಲ್ಲಿ ಯಾವಾಗಲೂ ಯಾರದ್ದಾದರೂ ಮನೆ ಒಡೆಯುತ್ತಲೇ ಇರುತ್ತಾರೆ, ಆ ಮನುಷ್ಯ ನಂಬಿದ.

ಮುಂದಿನ ಏಟಿಗೆ ಒಳಗೆ ಕುರ್ಚಿ ಜರುಗಿದ ಸದ್ದಾಯಿತು. ಚಿಲಕ ಕಿರುಗುಟ್ಟಿತು. ಬಾಗಿಲಿಗೆ ಕೆನ್ನೆಯಿಟ್ಟು ಬಿದ್ದಿದ್ದ ಚಿಕ್ಕಲಕ್ಷ್ಮಮ್ಮ ಹಲ್ಲು ಕಚ್ಚಿ, "ತೆಗೆದೀಯ ಜೋಕೆ! ಕೂತ್ಕೊಳೇ!" ಅಂದಳು. ಜೀವಮಾನದಲ್ಲಿ ಅವಳು ಯಾರನ್ನೂ ಹಾಗೆ ಗದರಿಸಿರಲಿಲ್ಲ. ಚಿಲಕದ ಸದ್ದು ನಿಂತಿತು.

"ಓಹೋ, ನೀನೇ ಯಜಮಾನ್ತಿನಾ ಈಗ? ಇರು, ಬೆಲ್ಟ್ ತರ್ತೀನಿ. ಮೊದ್ಲು ನೀನು, ಆಮೇಲೆ ಅವ್ಳು." ಹನುಮಂತಯ್ಯ ತನ್ನ ರೂಮಿಗೆ ಹೋಗಿ ಬೀರು ತೆಗೆದ.

ಆಮೇಲೆ ಎಷ್ಟು ಸಲ ನೆನೆಸಿಕೊಂಡರೂ ತಾನು ಹೇಗೆ ಎದ್ದೆ ಎಂದು ಚಿಕ್ಕಲಕ್ಷ್ಮಮ್ಮನಿಗೆ ನೆನಪಾಗಲಿಲ್ಲ. ಅವನ ಬೆನ್ನು ಕಂಡಿತು. ಅವನ ಬಾಗಿಲು ಕಂಡಿತು. ಬಾಗಿಲನ್ನು ಎಳೆದುಕೊಂಡಳು, ಹೊರಚಿಲಕ ಜಡಿದಳು.

ಒಳಗಿನಿಂದ ಮೊದಲು "ಏಯ್" ಅಂದ. ಆಮೇಲೆ ಒದ್ದ. ಒಳಕ್ಕೆ ತೆರೆಯುವ ಸಾಗುವಾನಿ ಬಾಗಿಲು; ಒಳಗಿನಿಂದ ಒದ್ದರೆ ಕಾಲಿಗೇ ನೋವು. ಮೂವತ್ತಾರು ವರ್ಷ ಬೇರೆಯವರನ್ನು ಹಿಡಿಯಲು ಹೊರಗಡೆ ಮಾತ್ರ ಚಿಲಕ ಇಟ್ಟುಕೊಂಡವನಿಗೆ, ತಾನೂ ಒಂದು ದಿನ ಒಳಗೆ ಇರಬಹುದೆಂದು ಹೊಳೆದೇ ಇರಲಿಲ್ಲ.

ಮೇಲಿನ ಬಾಡಿಗೆ ಮನೆಯ ಹೆಂಗಸು ಮೆಟ್ಟಿಲ ಮೇಲಿಂದ ಕೂಗಿದಳು. "ಆಂಟೀ, ಏನದು ಸೌಂಡು?"

ಉತ್ತರ ಕೊಟ್ಟವನು ಹನುಮಂತಯ್ಯ, ಕಿಟಕಿಯಿಂದ. "ಏನಿಲ್ಲಮ್ಮ, ಬೀರು ಜರುಗಿಸ್ತಿದ್ದೆ." ಕಿಟಕಿಯನ್ನು ತಾನೇ ಮುಚ್ಚಿಕೊಂಡ. ಪಂಚಾಯ್ತಿ ಮಾಡುವ ದೊಡ್ಡ ಮನುಷ್ಯ ಹೆಂಡತಿಯ ಕೈಲಿ ಕೂಡಿಹಾಕಿಸಿಕೊಂಡ ಎಂದು ಊರಿಗೆ ಗೊತ್ತಾಗುವುದಕ್ಕಿಂತ ಒಳಗೇ ಇರುವುದು ಅವನಿಗೆ ವಾಸಿ. ಮಗನಿಗೆ ಮಾತ್ರ ಫೋನ್ ಮಾಡಿ, ತಗ್ಗಿದ ದನಿಯಲ್ಲಿ, "ಬೇಗ ಬಾರೋ, ಬಾಗ್ಲು ಕಚ್ಕೊಂಡೈತೆ" ಅಂದ. ಹೊರಗೆ ಕೂತು ಕೇಳಿಸಿಕೊಂಡ ಚಿಕ್ಕಲಕ್ಷ್ಮಮ್ಮನಿಗೆ ನಗು ಬಂತು, ನಕ್ಕರೆ ತುಟಿ ಉರಿಯಿತು.

ಆದರೆ ನಗು ಹೆಚ್ಚು ಹೊತ್ತು ಇರಲಿಲ್ಲ. ಹಾಕುವುದೇನೋ ಹಾಕಿದ್ದಾಯಿತು, ತೆಗೆಯುವುದು ಹೇಗೆ? ತೆಗೆದರೆ ಅವನು ಕೊಂದೇ ಹಾಕುತ್ತಾನೆ. ಅರ್ಧ ಗಂಟೆಯ ಮೇಲೆ ಒಳಗಿನಿಂದ ಪಿಸುದನಿ ಬಂತು. "ಲಕ್ಷ್ಮೀ, ತೆಗಿಯೇ. ಹೊಡಿಯಲ್ಲ, ಆಣೆಗೂ." ಆ ಆಣೆಯನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಚಿಲಕಕ್ಕೆ ಕೈ ಹಾಕದೆ, ಅಲ್ಲೇ ಗೋಡೆಗೆ ಒರಗಿದಳು.

ನಾಲ್ಕು ಗಂಟೆಗೆ ಚೈತ್ರ ಆಚೆ ಬಂದಳು. ಅತ್ತೆಯ ಮುಖ ನೋಡಿ ಕುಸಿದು ಕೂತಳು. "ಅತ್ತೆ, ನಾನು ಬಾಗಿಲು ತೆಗೀಬೇಕಿತ್ತು. ಕಲ್ಲು ಹಾಗೆ ಕೂತಿದ್ದೆನಲ್ಲ..."

"ತೆಗೆದಿದ್ರೆ ನಿನ್ ಕಪಾಳಕ್ಕೆ ನಾನೇ ಹೊಡೀತಿದ್ದೆ. ಏನಂದ್ರು?"

"ಎಲ್ಲ ಸರಿಯಾಗಿದೆ ಅಂದ್ರು." ಸೆರಗಿನಿಂದ ಅತ್ತೆಯ ಹಣೆ ಒರೆಸುತ್ತಾ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಫೋನ್ ತೆಗೆದಳು. "ಪೊಲೀಸಿಗೆ ಮಾಡ್ತೀನಿ."

"ಮಾಡು. ಆದ್ರೆ ಸ್ವಲ್ಪ ತಡಿ, ಅವ್ನು ಬರ್ತಿದ್ದಾನೆ, ನನ್ ಮಗ. ಒಂದ್ ಸಲ ಅವನ್ನ ನೋಡ್ಬೇಕು ನಾನು."

ದರ್ಶನ್ ಹೆಲ್ಮೆಟ್ ಕೈಯಲ್ಲಿ ಹಿಡಿದೇ ಒಳಗೆ ಬಂದ. ಚೆಲ್ಲಿದ ಅವರೆಕಾಳು, ಬಾಗಿಲ ಮೇಲಿನ ರಕ್ತ, ಜಡಿದ ಹೊರಚಿಲಕ, ಅಮ್ಮನ ಮುಖ, ಎಲ್ಲ ನೋಡಿದ. ಸದ್ದು ಕೇಳಿ ಒಳಗಿನಿಂದ ಅಪ್ಪ, "ಬಂದ್ಯೇನೋ? ತೆಗಿ!" ಅಂದ.

"ಅಮ್ಮ, ತೆಗೆದುಬಿಡು. ಎಷ್ಟೊತ್ತು ಹೀಗೇ..."

"ತೆಗೀತೀನಿ ಕಣೋ. ತೆಗೆದ ಮೇಲೆ ನೀನೆಲ್ಲಿ ನಿಂತ್ಕೋತೀಯ? ಅದನ್ನ ಹೇಳು ಮೊದ್ಲು."

ಅವನು ಬೀದಿ ಬಾಗಿಲ ಕಡೆ ಒಂದು ಸಲ ನೋಡಿದ. ಚೈತ್ರ ಅವನನ್ನೇ ನೋಡುತ್ತಿದ್ದಳು, ಕಿವಿಗೆ ಇನ್ನೂ ಬಿಳಿ ಪಟ್ಟಿ. ದರ್ಶನ್ ಹೆಲ್ಮೆಟ್ ನೆಲಕ್ಕಿಟ್ಟ. ಅಪ್ಪನ ಬಾಗಿಲ ಮುಂದೆ, ಅಮ್ಮನನ್ನು ಬೆನ್ನ ಹಿಂದೆ ಮಾಡಿಕೊಂಡು ನಿಂತ.

"ಇಲ್ಲಿ," ಅಂದ.

"ಹೊಡೀತಾನೆ."

"ಗೊತ್ತು."

ಚಿಕ್ಕಲಕ್ಷ್ಮಮ್ಮ ಪಕ್ಕದಿಂದ ಕೈ ಚಾಚಿ ಚಿಲಕ ಸರಿಸಿದಳು. ಬಾಗಿಲು ಪೂರ್ತಿ ತೆರೆಯುವ ಮುಂಚೆಯೇ ಬೆಲ್ಟ್ ಬಂತು. ಕೊಕ್ಕೆಯ ತುದಿ ದರ್ಶನ್‌ನ ಕೆನ್ನೆ ಸೀಳಿತು. ಅವನು ಅಯ್ಯೋ ಎಂದ, ಆದರೆ ಜರುಗಲಿಲ್ಲ. ಎರಡನೇ ಸಲ ಬೀಸಿದಾಗ ಗಾಳಿಯಲ್ಲೇ ಬೆಲ್ಟ್ ಹಿಡಿದು ಮಣಿಕಟ್ಟಿಗೆ ಸುತ್ತಿಕೊಂಡ. ಅಪ್ಪ ಜಗ್ಗಿದ, ಮಗ ಜಗ್ಗಿದ. ಹನುಮಂತಯ್ಯನಿಗೆ ಅರವತ್ತೈದು ವರ್ಷ, ಎದೆ ಹೊಡೆದುಕೊಳ್ಳುತ್ತಿತ್ತು. ಕೈ ಬಿಡಲೊಲ್ಲ, ಎಳೆದುಕೊಳ್ಳಲಾರ. ಮಗನ ಹೆಗಲಾಚೆ ಹೆಂಡತಿಯ ಮುಖ ಹುಡುಕಿದ.

"ಲೇ, ಹೇಳೇ ಇವ್ನಿಗೆ. ಬಿಡು ಅಂತ ಹೇಳೇ."

ಇವತ್ತಿನವರೆಗೆ ಕಾಫಿ, ಮುದ್ದೆ ಬಿಟ್ಟರೆ ಅವನು ಅವಳನ್ನು ಏನನ್ನೂ ಕೇಳಿದವನಲ್ಲ. ಚಿಕ್ಕಲಕ್ಷ್ಮಮ್ಮ ತುಟಿಯ ರಕ್ತ ಒರೆಸಿಕೊಂಡಳು.

"ಬಿಡ್ಬೇಡ ಕಣೋ," ಅಂದಳು.